ತಂಗಳಿನ ಪಾಲು

ಕನ್ನಡದಲ್ಲಿ ಉಳಿದ ಊಟಕ್ಕೆ ಒಂದೇ ಹೆಸರಿಲ್ಲ. ನಿನ್ನೆ ಬೇಯಿಸಿ ಇಂದಿಗೆ ಉಳಿದದ್ದು ತಂಗಳು. ಒಬ್ಬರ ಬಾಯಿ ತಾಗಿ ಉಳಿದದ್ದು ಎಂಜಲು. ಪಾತ್ರೆಯ ಮೈಗೆ ಅಂಟಿಕೊಂಡು ಉಳಿದದ್ದು ಮುಸುರೆ. ಇಟ್ಟಲ್ಲಿಯೇ ಕೆಟ್ಟು ವಾಸನೆ ಹಿಡಿದದ್ದು ಹಳಸಲು. ಇಂಗ್ಲಿಷರು ಇವುಗಳಲ್ಲಿ ಬಹುಭಾಗವನ್ನು 'ಲೆಫ್ಟ್‌ಓವರ್' ಎಂಬ ಒಂದೇ ಚೀಲದಲ್ಲಿ ತುಂಬಿಬಿಡುತ್ತಾರೆ. ನಮ್ಮ ಹಿರಿಯರಾದರೋ ಯಾವುದು ತಿನ್ನತಕ್ಕದ್ದು, ಯಾವುದು ಬಿಡತಕ್ಕದ್ದು ಎಂಬುದನ್ನು ಮಾತಿನಲ್ಲಿಯೇ ವಿಂಗಡಿಸಿ ಇಟ್ಟರು. ತಂಗಳು ಎಂಬ ಶಬ್ದವನ್ನೇ ಬಿಡಿಸಿ ನೋಡಿರಿ. 'ತಣ್' ಎಂದರೆ ತಣ್ಣನೆಯದು, 'ಕೂಳ್' ಎಂದರೆ ಅನ್ನ. ಎರಡೂ ಕೂಡಿ ತಂಗೂಳು, ಅದು ಸವೆದು ತಂಗಳು. ಆರಿದ ಅನ್ನ ಎಂಬಷ್ಟೇ ಅದರ ಅರ್ಥ. ಶಬ್ದದೊಳಗೆ ಹೀನತೆಯ ಸುಳಿವೂ ಇಲ್ಲ. ಹೀನತೆಯನ್ನು ಅದಕ್ಕೆ ಅಂಟಿಸಿದವರು ನಾವು.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ತಂಗಳ ರೊಟ್ಟಿಯ ವಿಚಾರವೇ ಎಂದು ಕೆಲವು ಮಿತ್ರರು ಮುಗುಳ್ನಗಬಹುದು. ನಗಲಿ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಉತ್ಪಾದನೆ, ವಿನಿಮಯ, ವಿತರಣೆ, ಉಪಭೋಗ ಎಂದು ನಾಲ್ಕು ವಿಭಾಗಗಳನ್ನು ಬರೆದುಕೊಳ್ಳುತ್ತೇವೆ. ಆ ನಾಲ್ಕೂ ದಿನಕ್ಕೆ ಎರಡು ಹೊತ್ತು ತಪ್ಪದೆ ನಡೆಯುವ ಸ್ಥಳ ಅಡಿಗೆಮನೆ. ಅಲ್ಲಿ ಮೂರನೆಯ ವಿಭಾಗವಾದ ವಿತರಣೆ ಸರಿಯಾಗಿ ನಡೆದಿದೆಯೋ ಇಲ್ಲವೋ ಎಂಬುದನ್ನು ಯಾರೂ ಕೇಳುವುದಿಲ್ಲ. ನಾನು ಹೇಳಬಯಸುವುದು ಇಷ್ಟೇ: ಉಳಿದದ್ದನ್ನು ಕೆಡಿಸದೆ ರುಚಿಯಾಗಿ ಬಳಸುವುದು ಒಂದು ವಿದ್ಯೆ, ಅದು ನಮ್ಮ ಕಣ್ಣೆದುರಿಗೇ ಮರೆತುಹೋಗುತ್ತಿದೆ, ಅದನ್ನು ಉಳಿಸಿಕೊಳ್ಳಬೇಕು. ಆದರೆ ತಂಗಳು ಯಾವಾಗಲೂ ಒಬ್ಬರ ತಾಟಿಗೇ ಬೀಳುತ್ತಿದ್ದರೆ ಆ ವಿದ್ಯೆ ವಿದ್ಯೆಯಾಗಿ ಉಳಿಯುವುದಿಲ್ಲ, ಅನ್ಯಾಯಕ್ಕೆ ಹಾಕಿದ ಒಗ್ಗರಣೆಯಾಗುತ್ತದೆ.

ಮೊದಲು ನಮ್ಮ ಸೀಮೆಯ ಮಾತು. ಸಂಶಿ ಕುಂದಗೋಳ ತಾಲೂಕಿನ ಊರು. ಹುಬ್ಬಳ್ಳಿಯಿಂದ ಬೆಂಗಳೂರ ಕಡೆಗೆ ಹೊರಟ ಗಾಡಿ ಕುಂದಗೋಳವನ್ನು ದಾಟಿದ ಮೇಲೆ ಸಂಶಿಯ ನಿಲ್ದಾಣ ಬರುತ್ತದೆ, ಅದರಾಚೆ ಗುಡಗೇರಿ. ಗಾಡಿಯ ಎರಡೂ ಕಡೆಗೆ ಎರೆಭೂಮಿ. ಹತ್ತಿ, ಕಡಲೆ, ಕುಸುಬಿ, ಬ್ಯಾಡಗಿ ಜಾತಿಯ ಮೆಣಸಿನಕಾಯಿ, ಮತ್ತು ಇವೆಲ್ಲಕ್ಕೂ ಹಿರಿಯಣ್ಣನಂತೆ ಹಿಂಗಾರಿಯ ಬಿಳಿಜೋಳ. ಈ ಸೀಮೆಯಲ್ಲಿ ಊಟವೆಂದರೆ ರೊಟ್ಟಿ. ಅನ್ನ ಅದರ ಹಿಂದೆ ಬರುವ ತಮ್ಮ. ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನಂತೆ ಜಿಗುಟಿಲ್ಲ. ಗೋದಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಆದುದರಿಂದ ಬಿಸಿನೀರು ಹಾಕಿ ಹಿಟ್ಟಿಗೆ ಜಿಗಿ ಬರಿಸಿ, ನಾದಿ, ಅಂಗೈಯಿಂದ ಬಡಿದು ರೊಟ್ಟಿ ಮಾಡಬೇಕು. ಹತ್ತು ಜನರ ಮನೆಯಲ್ಲಿ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವುದು ಒಲೆಯ ಝಳದ ಮುಂದೆ ಕುಳಿತು ಮಾಡುವ ಕಠಿಣ ಕೆಲಸ. ಇದನ್ನು ಹೊತ್ತು ಹೊತ್ತಿಗೆ ಮಾಡಲಾಗದು. ಒಮ್ಮೆ ಬಡಿದದ್ದನ್ನು ಎರಡು ಹೊತ್ತಿಗೆ, ಮೂರು ಹೊತ್ತಿಗೆ ಒದಗಿಸಿಕೊಳ್ಳುವುದು ಅನಿವಾರ್ಯ. ಹೀಗಾಗಿ ನಮ್ಮ ಊಟದ ಕ್ರಮದಲ್ಲಿ ತಂಗಳು ಆಕಸ್ಮಿಕವಾಗಿ ಬಂದದ್ದಲ್ಲ. ರೊಟ್ಟಿಯ ಜೊತೆಗೇ ಹುಟ್ಟಿ ಬಂದದ್ದು.

ಇದನ್ನು ಅರಿತೇ ನಮ್ಮ ಹೆಣ್ಣುಮಕ್ಕಳು ಕಟಕ ರೊಟ್ಟಿಯನ್ನು ಕಂಡುಹಿಡಿದರು. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಅದರೊಳಗಿನ ನೀರನ್ನೆಲ್ಲ ಹೊರಗೆ ಹಾಕಿಬಿಟ್ಟರೆ ರೊಟ್ಟಿ ಹಪ್ಪಳದಂತಾಗುತ್ತದೆ. ನೀರಿಲ್ಲದಲ್ಲಿ ಬೂಷ್ಟು ಬೆಳೆಯಲಾರದು. ಪಾಠದ ಪುಸ್ತಕದಲ್ಲಿ ಇದಕ್ಕೆ ನಿರ್ಜಲೀಕರಣವೆಂಬ ಭಾರವಾದ ಹೆಸರಿದೆ. ಬುಟ್ಟಿಯಲ್ಲಿ ಒಟ್ಟಿಟ್ಟು ವಾರಗಟ್ಟಲೆ ತಿನ್ನುವವರಿಗೆ ಆ ಹೆಸರಿನ ಅವಶ್ಯಕತೆ ಬೀಳಲಿಲ್ಲ.

ಈ ರೊಟ್ಟಿಯ ಋಣ ನಮ್ಮ ವಿದ್ಯಾರ್ಥಿ ವರ್ಗದ ಮೇಲೆ ಎಷ್ಟಿದೆ ಎಂಬುದನ್ನು ಧಾರವಾಡ, ಹುಬ್ಬಳ್ಳಿಗಳಲ್ಲಿ ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಹಳ್ಳಿಯಿಂದ ಬಂದು ಖೋಲಿ ಹಿಡಿದು ಓದುವ ಹುಡುಗರಿಗೆ ಮನೆಯಿಂದ ಬುತ್ತಿ ಬರುತ್ತಿತ್ತು. ಬೆಳಗಿನ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಅರಿವೆಯ ಗಂಟು. ಗಂಟಿನಲ್ಲಿ ರೊಟ್ಟಿ, ಪಲ್ಯ, ಗುರೆಳ್ಳಿನ ಹಿಂಡಿ, ಅಗಸಿಯ ಹಿಂಡಿ, ಮೇಲೆ ಒಂದು ಉಳ್ಳಾಗಡ್ಡಿ. ನಿಲ್ದಾಣಕ್ಕೆ ಹೋಗಿ ತಮ್ಮ ತಮ್ಮ ಗಂಟನ್ನು ಗುರುತಿಸಿ ತರುವುದು ಹುಡುಗರ ನಿತ್ಯಕರ್ಮ. ಮುಂಜಾನೆ ಬಡಿದ ರೊಟ್ಟಿ ಮಧ್ಯಾಹ್ನಕ್ಕೆ ಆರುತ್ತದೆ, ರಾತ್ರಿಗೆ ಸೆಟೆಯುತ್ತದೆ, ಮರುದಿನ ಬೆಳಿಗ್ಗೆ ಮುರಿದರೆ ಸಪ್ಪಳವಾಗುತ್ತದೆ. ಅದನ್ನೇ ತಿಂದು ಪರೀಕ್ಷೆ ಕಟ್ಟಿದವರು ಇಂದು ವಕೀಲರಾಗಿದ್ದಾರೆ, ವೈದ್ಯರಾಗಿದ್ದಾರೆ, ನಮಗೆ ಪಾಠ ಹೇಳುವ ಗುರುಗಳೂ ಆಗಿದ್ದಾರೆ. ಈ ನಾಡಿನ ಪದವೀಧರರ ಒಂದು ದೊಡ್ಡ ಪಂಕ್ತಿ ತಂಗಳ ರೊಟ್ಟಿಯ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಇನ್ನು ಆ ವಿದ್ಯೆಯ ಕೆಲವು ಪಾಠಗಳನ್ನು ಇಲ್ಲಿ ಬರೆದಿಡುತ್ತೇನೆ. ಖೋಲಿಯಲ್ಲಿ ಒಂದು ಒಲೆ, ಒಂದು ಬಾಣಲೆ ಇದ್ದವರಿಗೆ ಉಪಯೋಗಕ್ಕೆ ಬಂದೀತು. ಸೆಟೆದ ರೊಟ್ಟಿಯನ್ನು ಚೂರು ಮಾಡಿ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಬೇಕು. ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ಹೆಚ್ಚಿದ ಉಳ್ಳಾಗಡ್ಡಿ ಹಾಕಿ, ಉಳ್ಳಾಗಡ್ಡಿ ಕೆಂಪಾದ ಮೇಲೆ ಖಾರಪುಡಿ, ಅರಿಸಿನ, ಉಪ್ಪು, ಹುಣಸೆಯ ರಸ, ಬೆರಳ ತುದಿಯಷ್ಟು ಬೆಲ್ಲ. ಅದರ ಮೇಲೆ ಚೂರನ್ನು ಸುರುವಿ, ಮುಚ್ಚಳ ಮುಚ್ಚಿ, ಉರಿ ತಗ್ಗಿಸಿ ಐದು ನಿಮಿಷ ಬಿಟ್ಟರೆ ಒಗ್ಗರಣೆಯ ರೊಟ್ಟಿ ಸಿದ್ಧ. ಎಣ್ಣೆಗಿಂತ ಮುಚ್ಚಳ ಇಲ್ಲಿ ಮುಖ್ಯ. ಹಬೆ ಒಳಗೇ ತಿರುಗಿದರೆ ಮಾತ್ರ ಚೂರು ಮೆತ್ತಗಾಗುತ್ತದೆ. ಅವಸರಪಟ್ಟು ಮುಚ್ಚಳ ತೆಗೆದವರ ಪಾಲಿಗೆ ಕಲ್ಲು.

ಬೇಸಿಗೆಯಲ್ಲಿ ಒಲೆಯೂ ಬೇಡ. ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಯಿಟ್ಟು, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ, ಹಸಿ ಉಳ್ಳಾಗಡ್ಡಿ ಕೂಡಿಸಿದರೆ ಸಾಕು. ಮಳೆಗಾಲದ ರಾತ್ರಿ ಅದೇ ರೊಟ್ಟಿ ಕುದಿಯುವ ಬೇಳೆಯ ಸಾರಿನಲ್ಲಿ ಮುಳುಗಬೇಕು. ಮಾಂಸ ತಿನ್ನುವವರ ಮನೆಯಲ್ಲಾದರೆ ನಿನ್ನೆಯ ಖಂಡದ ಸಾರಿನಲ್ಲಿ ಮುಳುಗಬೇಕು. ಎರಡನೆಯ ದಿನಕ್ಕೆ ಮಸಾಲೆ ಮೂಳೆಯವರೆಗೂ ಇಳಿದಿರುತ್ತದೆ, ಸಾರು ಗಟ್ಟಿಯಾಗಿರುತ್ತದೆ, ಬಿಸಿ ರೊಟ್ಟಿಗಿಂತ ಕಟಕ ರೊಟ್ಟಿಯೇ ಆ ಸಾರನ್ನು ಚೆನ್ನಾಗಿ ಹೀರುತ್ತದೆ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಮುಟಗಿಯನ್ನೂ ಕೆಲವರು ತಂಗಳಿನ ಪಟ್ಟಿಗೆ ಸೇರಿಸುತ್ತಾರೆ. ಮುಟಗಿ ಹಂಚಿನಿಂದ ಇಳಿದ ಬಿಸಿ ರೊಟ್ಟಿಯದು. ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆಯೊಡನೆ ಅದನ್ನು ಕುಟ್ಟಿ ಮುಷ್ಟಿಯಲ್ಲಿ ಮುಟಗಿ ಕಟ್ಟುತ್ತಾರೆ. ತಂಗಳ ರೊಟ್ಟಿಯಿಂದ ಮುಟಗಿ ಮಾಡಹೋದವನಿಗೆ ಹಲ್ಲಿನ ಕೆಲಸ ಹೆಚ್ಚು, ನಾಲಗೆಯ ಸುಖ ಕಡಿಮೆ.

ಉಳಿದ ಅನ್ನಕ್ಕೆ ಒಗ್ಗರಣೆ ಹಾಕುವುದು ಎಲ್ಲರಿಗೂ ಗೊತ್ತು. ಅದನ್ನೇ ಚೆನ್ನಾಗಿ ಕಿವುಚಿ ಜೋಳದ ಹಿಟ್ಟು, ಕಡಲೆಹಿಟ್ಟು, ಉಳ್ಳಾಗಡ್ಡಿ, ಖಾರ ಕೂಡಿಸಿ ತಾಲಿಪಟ್ಟಿ ತಟ್ಟಿದರೆ ನಿನ್ನೆಯ ಅನ್ನ ಇದರೊಳಗಿದೆ ಎಂದು ತಿಂದವರು ಹೇಳಲಾರರು. ಹಬ್ಬದ ದಿನ ನೋಡಿರಿ. ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿದ ಮೇಲೆ ಬಸಿದ ನೀರನ್ನು ಚೆಲ್ಲುವುದಿಲ್ಲ. ಅದಕ್ಕೆ ಕಟ್ಟು ಎಂದು ಹೆಸರು ಕೊಟ್ಟು, ಹುಣಸೆ, ಬೆಲ್ಲ, ಮಸಾಲೆ, ಒಂದಿಷ್ಟು ಹೂರಣ ಕೂಡಿಸಿ ಕಟ್ಟಿನ ಸಾರು ಮಾಡುತ್ತಾರೆ. ಹೋಳಿಗೆಯ ಮನೆಯಲ್ಲಿ ಕಟ್ಟಿನ ಸಾರಿಲ್ಲದಿದ್ದರೆ ಹಬ್ಬವೇ ಅರ್ಧ. ಚೆಲ್ಲಬಹುದಾಗಿದ್ದ ನೀರು ಹಬ್ಬದ ಮುಖ್ಯ ಪದಾರ್ಥವಾಯಿತು. ಮರುದಿನ ಮತ್ತೆ ಕುದಿಸಿದ ಕಟ್ಟಿನ ಸಾರಿನ ರುಚಿಯನ್ನಂತೂ ಹೇಳುವುದಕ್ಕಿಂತ ಉಂಡು ನೋಡುವುದು ಮೇಲು.

ಇದೆಲ್ಲ ಬಡ ನಾಡಿನ ಜಾಣತನವೆಂದು ಯಾರೂ ತಿಳಿಯಬಾರದು. ಸೂರ್ಯ ಮುಳುಗದ ಸಾಮ್ರಾಜ್ಯವನ್ನು ಆಳಿದವರೂ ತಂಗಳನ್ನೇ ಉಂಡರು. ಇಂಗ್ಲಂಡಿನಲ್ಲಿ ರವಿವಾರದ ಮಧ್ಯಾಹ್ನ ಚರ್ಚಿನಿಂದ ಬಂದ ಮೇಲೆ ದೊಡ್ಡ ತುಂಡು ದನದ ಮಾಂಸವನ್ನು ಹುರಿದು ಉಣ್ಣುವುದು ರೂಢಿ. ಆ ತುಂಡು ಒಂದು ಹೊತ್ತಿಗೆ ಮುಗಿಯುವಂಥದಲ್ಲ. ಸೋಮವಾರ ಅಲ್ಲಿಯ ಮನೆಗಳಲ್ಲಿ ಆಗ ಬಟ್ಟೆ ಒಗೆಯುವ ದಿನವಾಗಿತ್ತು. ಒಲೆಯ ಮೇಲೆ ನೀರಿನ ಹಂಡೆ, ಅಡಿಗೆ ಮಾಡಲು ಪುರಸೊತ್ತಿರಲಿಲ್ಲ. ಆದುದರಿಂದ ಸೋಮವಾರದ ಊಟ ರವಿವಾರದ ತಣ್ಣನೆಯ ಮಾಂಸವೇ ಆಗಿತ್ತು. ಮುಂದಿನ ದಿನಗಳಲ್ಲಿ ಉಳಿದದ್ದನ್ನು ಸಣ್ಣಗೆ ಕೊಚ್ಚಿ, ಮೇಲೆ ಬಟಾಟಿಯ ಮುದ್ದೆ ಹಾಸಿ ಬೇಯಿಸುತ್ತಿದ್ದರು. ಎಲುಬಿನಿಂದ ಸಾರು ತೆಗೆಯುತ್ತಿದ್ದರು. ೧೮೬೧ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಇಸಬೆಲ್ಲಾ ಬೀಟನ್ ಅವರ ಗೃಹಕೃತ್ಯದ ದೊಡ್ಡ ಗ್ರಂಥದಲ್ಲಿ ಹಲವು ಪಾಕಗಳ ತಲೆಯ ಮೇಲೆಯೇ ಇದು ತಣ್ಣನೆಯ ಮಾಂಸದ ಅಡಿಗೆ ಎಂದು ಗುರುತು ಹಾಕಿದೆ. ತಣ್ಣನೆಯ ಮಾಂಸದ ತೆಳು ಹೋಳುಗಳನ್ನು ಕೋಸುಗಡ್ಡೆಯೊಡನೆ ಹುರಿಯುವ ಪಾಕವೂ ಅದರಲ್ಲಿದೆ. ಅಂದರೆ ತಂಗಳಿಗೆ ಆ ಗ್ರಂಥಕರ್ತೆ ನಾಚಲಿಲ್ಲ. ಅದಕ್ಕೊಂದು ಪ್ರತ್ಯೇಕ ಶೀರ್ಷಿಕೆಯನ್ನೇ ಕೊಟ್ಟಳು. ಎರಡನೆಯ ಮಹಾಯುದ್ಧ ನಡೆದಾಗ ೧೯೪೦ರಲ್ಲಿ ಆ ದೇಶದ ಸರಕಾರ ಆಹಾರವನ್ನು ಪೋಲುಮಾಡುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿಯೇ ಮಾಡಿತು.

ಇಂಗ್ಲಿಷರ ಈ ರವಿವಾರದ ಮಾಂಸ ನಮ್ಮ ಬಾಗಿಲಿಗೂ ಬಂದಿತ್ತು. ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಕಾರ್ಖಾನೆ ನೆಲೆಗೊಂಡಿತು. ಇಂಥ ರೈಲ್ವೆ ಊರುಗಳಲ್ಲಿ ಇಂಜಿನ್ ನಡೆಸುವ, ಗಾಡಿ ಕಾಯುವ ಕೆಲಸಗಳಲ್ಲಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳ ಅಡಿಗೆಮನೆಯಲ್ಲಿ ಇಂಗ್ಲಂಡಿನ ಮಾಂಸವೂ ಹಿಂದುಸ್ಥಾನದ ಮೆಣಸಿನಕಾಯಿಯೂ ಒಂದೇ ಬಾಣಲೆಯಲ್ಲಿ ಕೂಡಿದವು. ಉಳಿದ ಹುರಿದ ಮಾಂಸವನ್ನು ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯೊಡನೆ ಮತ್ತೆ ಹುರಿದು ಮಾಡಿದ ಜಾಲ್‌ಫ್ರೇಜಿ ಎಂಬ ಪದಾರ್ಥ ಹುಟ್ಟಿದ್ದು ಹೀಗೆ. ಇಂದು ದೊಡ್ಡ ಹೊಟೇಲುಗಳಲ್ಲಿ ಹೊಸ ಮಾಂಸದಿಂದ ಅದನ್ನು ಮಾಡಿ ಹೆಚ್ಚಿನ ಬೆಲೆಗೆ ಬಡಿಸುತ್ತಾರೆ. ಒಗ್ಗರಣೆಯ ರೊಟ್ಟಿಗೂ ಜಾಲ್‌ಫ್ರೇಜಿಗೂ ಒಳಗಿನ ತತ್ವ ಒಂದೇ: ಆರಿದ್ದಕ್ಕೆ ಉಳ್ಳಾಗಡ್ಡಿ, ಖಾರ, ಕಾದ ಎಣ್ಣೆ. ಒಂದು ಹೊಟೇಲಿನ ಪಟ್ಟಿಯನ್ನೇರಿತು, ಇನ್ನೊಂದು ಅಡಿಗೆಮನೆಯ ಮೂಲೆಯಲ್ಲಿ ಕುಳಿತಿತು. ವ್ಯತ್ಯಾಸ ಅಷ್ಟೇ. ೨೦೨೧ರಲ್ಲಿ ಆಸ್ಟ್ರೇಲಿಯದ ಮಾಸ್ಟರ್‌ಶೆಫ್ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಬಂಗಾಲಿ ಮೂಲದ ಕಿಶ್ವರ್ ಚೌಧುರಿ ಎಂಬಾಕೆ ನೀರಿನಲ್ಲಿ ನೆನೆದ ತಂಗಳನ್ನವಾದ ಪಾಂತಾ ಭಾತನ್ನೇ ತೀರ್ಪುಗಾರರ ಮುಂದಿಟ್ಟು ಮೆಚ್ಚಿಗೆ ಪಡೆದಳು. ಒಡಿಶಾದವರ ಪಖಾಳ ಅದರ ಸೋದರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಹಳೆಯ, ರಸಹೀನವಾದ, ತಂಗಳಾದ ಆಹಾರವನ್ನು ತಾಮಸವೆಂದು ಎಣಿಸಿದೆಯಲ್ಲ ಎಂದು ಹಿರಿಯರು ಕೇಳಬಹುದು. ಶಾಸ್ತ್ರದ ಮಾತಿನಲ್ಲಿ ಆರೋಗ್ಯದ ಅಂಶವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅದೇ ಧರ್ಮದ ಮಡಿಲಲ್ಲಿ ರಾಜಸ್ಥಾನದ ಜನ ಶೀತಳಾದೇವಿಯ ಹಬ್ಬದಂದು ಒಲೆ ಹೊತ್ತಿಸದೆ ಹಿಂದಿನ ದಿನದ ಅಡಿಗೆಯನ್ನೇ ದೇವಿಗೆ ಎಡೆಮಾಡಿ ತಾವೂ ಉಣ್ಣುತ್ತಾರೆ. ದೇವಿಗೆ ಸಲ್ಲುವ ತಂಗಳು ಭಕ್ತನಿಗೆ ಸಲ್ಲಬಾರದೇಕೆ?

ಆರೋಗ್ಯದ ಅಂಶವನ್ನು ಮಾತ್ರ ಗಟ್ಟಿಯಾಗಿ ಹಿಡಿಯಬೇಕು. ಬೇಯಿಸಿದ ಅನ್ನವನ್ನು ಹೊರಗೆ ಬಹಳ ಹೊತ್ತು ಇಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬೆಳೆಯುತ್ತದೆ. ಅದರ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ವಾಂತಿ ಬರಿಸುವ ಅದರ ವಿಷ ಒಮ್ಮೆ ಹುಟ್ಟಿದರೆ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳವಾಗಿದೆ: ಬೇಯಿಸಿದ ಪದಾರ್ಥವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿರಿ, ತಣ್ಣಗಿಡುವುದಾದರೆ ೫ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ, ಬಿಸಿಯಿಡುವುದಾದರೆ ೬೦ಕ್ಕಿಂತ ಮೇಲೆ. ಮಾಂಸಕ್ಕೂ ಇದೇ ನಿಯಮ, ಇನ್ನೂ ಬಿಗಿಯಾಗಿ. ಚೈತ್ರ ವೈಶಾಖದ ಬಿಸಿಲಿನಲ್ಲಿ ಶೀತಪೆಟ್ಟಿಗೆಯಿಲ್ಲದ ಖೋಲಿಯಲ್ಲಿ ಉಳಿದ ಅನ್ನ, ಉಳಿದ ಮಾಂಸಗಳೊಡನೆ ಸಾಹಸ ಬೇಡ. ಒಣಗಿದ ರೊಟ್ಟಿಗೆ ಈ ಭಯವಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ತಂಗಳಿಗೂ ಹಳಸಲಿಗೂ ನಡುವಿನ ಗೆರೆಯನ್ನು ಬಲ್ಲವನು ಎಂಬ ಅರ್ಥವೂ ಸೇರಿದೆ.

ನಮ್ಮ ಸೀಮೆಯವರು ಈ ಗೆರೆಯನ್ನು ಇಷ್ಟು ಸೂಕ್ಷ್ಮವಾಗಿ ಕಲಿತದ್ದಕ್ಕೆ ಕಾರಣವಿದೆ. ೧೮೭೬-೭೮ರ ದೊಡ್ಡ ಬರ ಧಾರವಾಡ, ವಿಜಾಪುರ ಜಿಲ್ಲೆಗಳನ್ನು ಹಿಂಡಿ ಹಾಕಿತು. ಆಗ ಬರಪರಿಹಾರದ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡು, ಅಂದರೆ ಸುಮಾರು ೪೫೦ ಗ್ರಾಂ ಧಾನ್ಯದ ಬೆಲೆಯೂ ಮೇಲೊಂದು ಆಣೆಯೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ೧೮೭೭ರಲ್ಲಿ ಗೊತ್ತುಮಾಡಿದ. ಅಂಥ ಕಾಲವನ್ನು ದಾಟಿ ಬಂದವರ ಮೊಮ್ಮಕ್ಕಳು ನೆಲಕ್ಕೆ ಬಿದ್ದ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ಎತ್ತಿಟ್ಟರೆ ಅದನ್ನು ಜಿಪುಣತನವೆನ್ನಲಾದೀತೆ?

ಇಂದಿನ ಲೆಕ್ಕ ಬೇರೆ. ೨೦೨೪ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಹೊರತಂದ ವರದಿಯಂತೆ ೨೦೨೨ರಲ್ಲಿ ಜಗತ್ತು ಕಸಕ್ಕೆ ಹಾಕಿದ ಆಹಾರ, ಸಿಪ್ಪೆ ಎಲುಬುಗಳೂ ಸೇರಿ, ೧೦೫ ಕೋಟಿ ಟನ್. ಉಣ್ಣುವವರ ಬಾಗಿಲಿಗೆ ಬಂದ ಆಹಾರದಲ್ಲಿ ಇದು ನೂರಕ್ಕೆ ೧೯ ಪಾಲು. ಅದರಲ್ಲಿ ನೂರಕ್ಕೆ ೬೦ ಪಾಲು ಮನೆಗಳಿಂದಲೇ ಹೊರಬಿದ್ದದ್ದು. ನಮ್ಮ ರಾಜ್ಯದ ಮಾತು ಬೇಕೆ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ೨೦೧೦ರ ದಶಕದ ಆರಂಭದಲ್ಲಿ ಆ ನಗರದ ಕಲ್ಯಾಣಮಂಟಪಗಳಲ್ಲಿ ಅಭ್ಯಾಸ ನಡೆಸಿ, ಮದುವೆಯ ಊಟಗಳಲ್ಲಿಯೇ ವರ್ಷಕ್ಕೆ ೯೪೩ ಟನ್ ಒಳ್ಳೆಯ ಆಹಾರ ಹಾಳಾಗುತ್ತದೆಂದು ಅಂದಾಜು ಮಾಡಿದರು. ಹಳ್ಳಿಗಳೂ ಈಗ ಹಿಂದೆ ಬಿದ್ದಿಲ್ಲ. ಐದು ಬಗೆಯ ಸಿಹಿ ಇಲ್ಲದ ಮದುವೆ ಮದುವೆಯಲ್ಲವೆಂಬ ಭ್ರಮೆ ಎರೆಭೂಮಿಗೂ ಕಾಲಿಟ್ಟಿದೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಪ್ಪಲು ಯಾರಿಗೂ ಕಷ್ಟವಾಗಲಾರದು. ಇನ್ನು ಕಷ್ಟದ ಮಾತು, ವಿತರಣೆಯ ಮಾತು. ನಮ್ಮ ಸೀಮೆಯ ಬಹು ಮನೆಗಳಲ್ಲಿ ಊಟದ ಕ್ರಮವನ್ನು ಸ್ವಲ್ಪ ಕಣ್ಣಿಟ್ಟು ನೋಡಿರಿ. ಹಂಚಿನಿಂದ ಇಳಿದ ಬಿಸಿ ರೊಟ್ಟಿ ಮೊದಲು ಹೊಲಕ್ಕೆ ಹೋಗುವ ಗಂಡಸರಿಗೆ, ಮೇಲೆ ಶಾಲೆ ಕಾಲೇಜಿಗೆ ಹೋಗುವ ಮಕ್ಕಳಿಗೆ, ಬಂದ ಬೀಗರಿಗೆ. ಕೊನೆಗೆ ಬಡಿದವಳು ಕುಳಿತಾಗ ಅವಳ ತಾಟಿನಲ್ಲಿ ನಿನ್ನೆಯ ರೊಟ್ಟಿ, ಬೋಗುಣಿಯ ತಳದ ಪಲ್ಯ. ಬಿಸಿ ರೊಟ್ಟಿ ಉಳಿದಿದ್ದರೂ ಅವಳು ಅದನ್ನು ರಾತ್ರಿಗೆಂದು ಎತ್ತಿಡುತ್ತಾಳೆ, ತಂಗಳನ್ನು ತಾನು ತಿನ್ನುತ್ತಾಳೆ. ನಾಳೆ ಆ ಎತ್ತಿಟ್ಟ ರೊಟ್ಟಿಯೂ ತಂಗಳಾಗಿ ಅವಳ ಪಾಲಿಗೇ ಬರುತ್ತದೆ. ಇದನ್ನು ನಾವು ತಾಯಿಯ ತ್ಯಾಗವೆಂದು ಕರೆದು, ಭಾಷಣ ಸ್ಪರ್ಧೆಯಲ್ಲಿ ಬಹುಮಾನವನ್ನೂ ಗಿಟ್ಟಿಸುತ್ತೇವೆ. ಆದರೆ ತ್ಯಾಗವೆನ್ನಬೇಕಾದರೆ ಬೇರೆ ದಾರಿಯಿದ್ದೂ ಬಿಟ್ಟಿರಬೇಕು. ಯಾರೂ ಪಾಲು ಕೇಳದ ತಂಗಳನ್ನು ಒಬ್ಬಳು ದಿನಾಲು ತಿಂದರೆ ಅದು ತ್ಯಾಗವಲ್ಲ, ರೂಢಿ.

ಇಂಗ್ಲಂಡಿನ ಸೋಮವಾರದ ತಣ್ಣನೆಯ ಮಾಂಸದಲ್ಲಿ ನನಗೆ ಮೆಚ್ಚಿಗೆಯಾದ ಸಂಗತಿ ಇದೇ. ಬಟ್ಟೆ ಒಗೆಯುವವಳಿಗೆ ಅಡಿಗೆಯಿಂದ ಬಿಡುವು ಸಿಗಲೆಂದು ಇಡೀ ಮನೆ ತಂಗಳನ್ನು ಉಂಡಿತು. ಆ ದೇಶದಲ್ಲಿಯೂ ಎಲ್ಲ ಮನೆಗಳಲ್ಲಿ ಎಲ್ಲವೂ ಸಮನಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅಡಿಗೆ ಮಾಡುವವರಿಗೆ ವಿರಾಮ ಕೊಡುವ ತಂಗಳು ಬೇರೆ, ಅಡಿಗೆ ಮಾಡಿದವರಿಗೇ ದಂಡವಾಗಿ ಬರುವ ತಂಗಳು ಬೇರೆ ಎಂಬುದನ್ನು ಈ ಪದ್ಧತಿ ತಿಳಿಸಿಕೊಡುತ್ತದೆ.

ಮನೆಯ ಹೊಸ್ತಿಲು ದಾಟಿದರೆ ಇನ್ನೊಂದು ದೃಶ್ಯ. ಊರ ಕೆಲಸ ಮಾಡಿದವರಿಗೆ ಕೂಲಿಯ ಬದಲು ತಂಗಳ ರೊಟ್ಟಿಯನ್ನು, ಅದೂ ಕೈಗೆ ಮುಟ್ಟದಂತೆ ಮೇಲಿನಿಂದ ಹಾಕುವ ಪದ್ಧತಿ ಈ ನಾಡಿನಲ್ಲಿ ಶತಮಾನಗಳ ಕಾಲ ನಡೆಯಿತು. ೧೯೨೭ರ ಮಾರ್ಚಿನಲ್ಲಿ ಮಹಾಡದ ಪರಿಷತ್ತಿನಲ್ಲಿ ಡಾಕ್ಟರ್ ಅಂಬೇಡಕರರು ಕೆರೆಯ ನೀರಿನ ಹಕ್ಕನ್ನು ಮಾತ್ರ ಹೇಳಲಿಲ್ಲ. ಸತ್ತ ದನದ ಮಾಂಸವನ್ನೂ ಮನೆಮನೆಯಿಂದ ಬೇಡಿ ತರುವ ತುಣುಕು ರೊಟ್ಟಿಯನ್ನೂ ಬಿಟ್ಟು ತಲೆಯೆತ್ತಿ ಬಾಳಬೇಕೆಂದು ಹೇಳಿದರು. ಹಿಂದಿಯ ಲೇಖಕ ಓಂಪ್ರಕಾಶ ವಾಲ್ಮೀಕಿಯವರು ೧೯೯೭ರಲ್ಲಿ ಪ್ರಕಟಿಸಿದ ಆತ್ಮಕಥೆಗೆ 'ಜೂಠನ್', ಅಂದರೆ ಎಂಜಲು ಎಂದೇ ಹೆಸರಿಟ್ಟರು. ಮದುವೆಯ ಮನೆಯ ಹೊರಗೆ ಎಂಜಲೆಲೆಗಾಗಿ ಕಾದ ತಾಯಿ, ಅವಮಾನ ಹೆಚ್ಚಾದಾಗ ಬುಟ್ಟಿಯನ್ನು ಅಲ್ಲಿಯೇ ಸುರುವಿ ಎದ್ದುಬಂದ ಪ್ರಸಂಗ ಅದರಲ್ಲಿದೆ. ಅದನ್ನು ಓದಿದವರು ಉಳಿದದ್ದನ್ನು ಬಡವರಿಗೆ ಕೊಟ್ಟರಾಯಿತು ಎಂಬ ಮಾತನ್ನು ಅಷ್ಟು ಹಗುರವಾಗಿ ಆಡಲಾರರು. ಕೊಟ್ಟದ್ದು ಹೊಟ್ಟೆಗೆ ಹೋಗುತ್ತದೆ, ಕೊಟ್ಟ ರೀತಿ ಮನಸ್ಸಿನಲ್ಲಿ ಉಳಿಯುತ್ತದೆ. ಒಂದೇ ರೊಟ್ಟಿ. ಅದನ್ನು ನಾನೂ ತಿಂದು ನಿಮಗೂ ಕೊಟ್ಟರೆ ಅದು ಊಟ. ನಾನು ತಿನ್ನಲೊಲ್ಲದೆ ನಿಮಗೆ ಕೊಟ್ಟರೆ ಅದು ಅಪಮಾನ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ದಂಪತಿಗಳಿಬ್ಬರು ಈ ಪ್ರಶ್ನೆಗೆ ಉತ್ತರ ಕೊಟ್ಟುಹೋಗಿದ್ದಾರೆಂದು ನನಗೆ ತೋರುತ್ತದೆ. ಆಯ್ದಕ್ಕಿ ಮಾರಯ್ಯನ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಜಂಗಮರಿಗೆ ಅನ್ನವಿಡುವಲ್ಲಿ ನೆಲಕ್ಕೆ ಬಿದ್ದ ಕಾಳನ್ನು ಆಯ್ದು ತಂದು ಅದರಿಂದಲೇ ಆತ ದಾಸೋಹ ನಡೆಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಆತನನ್ನು ಒಪ್ಪಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮಗೆ ಸಲ್ಲದು, ತಂದಲ್ಲಿಯೇ ಸುರಿದು ಬಾ ಎಂದು ಕಳಿಸಿದಳೆಂಬುದು ಕಥೆ. ಚೆಲ್ಲಿದ ಕಾಳನ್ನು ಆಯ್ದವನಿಗೆ ಹೀನತೆಯಿಲ್ಲ. ಏಕೆಂದರೆ ಆಯುವುದು ಅವನ ದುಡಿಮೆ, ಆಯ್ದದ್ದನ್ನು ಎಲ್ಲರೊಡನೆ ಹಂಚಿ ಉಣ್ಣುವುದು ಅವನ ವ್ರತ. ಉಳಿತಾಯ ಮತ್ತು ಮಿತಿ ಎರಡನ್ನೂ ಒಂದೇ ಮನೆಯಲ್ಲಿ ಗಂಡಹೆಂಡಿರು ಹಂಚಿಕೊಂಡು ಕಾಯ್ದರು. ಮಿತಿಯನ್ನು ಕಲಿಸಿದವಳು ಹೆಂಡತಿ ಎಂಬುದನ್ನೂ ನಾವು ಮರೆಯಬಾರದು.

ಹೀಗಿರಲು ನಾವು ಮಾಡಬಹುದಾದದ್ದೇನು? ಮೊದಲನೆಯದು, ನಮ್ಮ ನಮ್ಮ ಮನೆಗಳಲ್ಲ��. ಬುಟ್ಟಿಯಲ್ಲಿ ಆರು ತಂಗಳ ರೊಟ್ಟಿ ಉಳಿದಿದ್ದರೆ, ಮನೆಯಲ್ಲಿ ಆರು ಜನರಿದ್ದರೆ, ತಲೆಗೊಂದು. ಮೊದಲ ತುತ್ತು ತಂಗಳ ರೊಟ್ಟಿಯದು, ಆಮೇಲೆ ಬಿಸಿಯದು. ಲೆಕ್ಕ ಇಷ್ಟು ಸುಲಭ. ಎರಡನೆಯದು, ಗಂಡುಹುಡುಗರು ಒಗ್ಗರಣೆಯನ್ನಾದರೂ ಕಲಿಯಬೇಕು. ಉಳಿದದ್ದನ್ನು ರುಚಿಮಾಡುವ ಕೆಲಸ ಯಾರು ಬಲ್ಲರೋ ಅವರಿಗೆ ಉಳಿದದ್ದರ ಬಗೆಗೆ ತಿರಸ್ಕಾರ ಬರುವುದಿಲ್ಲ. ಮೂರನೆಯದು, ಕಾಲೇಜಿನ ಸ್ನೇಹಸಮ್ಮೇಳನದ ಊಟದಲ್ಲಿ, ವಸತಿಗೃಹದ ಪಂಕ್ತಿಯಲ್ಲಿ ಬೇಕಾದಷ್ಟೇ ಬಡಿಸಿಕೊಂಡು, ಬೇಕಾದರೆ ಎರಡನೆಯ ಸಲ ಕೇಳುವ ರೂಢಿ ಬರಬೇಕು. ತಾಟಿನಲ್ಲಿ ಬಿಟ್ಟದ್ದು ಎಂಜಲು, ಯಾರಿಗೂ ಸಲ್ಲದು. ಪಾತ್ರೆಯಲ್ಲಿ ಉಳಿದದ್ದು ಊಟ, ಎಲ್ಲರಿಗೂ ಸಲ್ಲುವುದು. ನಾಲ್ಕನೆಯದು, ಉಳಿದದ್ದನ್ನು ಇನ್ನೊಬ್ಬರಿಗೆ ಕೊಡುವುದಾದರೆ ಕೆಡುವ ಮೊದಲು ಕೊಡಬೇಕು, ಕೇಳಿ ಕೊಡಬೇಕು, ನಾವು ಉಣ್ಣಲು ಒಪ್ಪುವಂಥದನ್ನೇ ಕೊಡಬೇಕು. ಮದುವೆಯ ಮನೆಯ ಅನ್ನ ಸಂಜೆಯವರೆಗೆ ಬಿಸಿಲಲ್ಲಿ ಕುದಿದು ನಾರತೊಡಗಿದ ಮೇಲೆ ಆಳುಗಳನ್ನು ಕೂಗಿ ಹಂಚುವುದು ದಾನವಲ್ಲ. ಕಸವನ್ನು ಇನ್ನೊಬ್ಬರ ಹೊಟ್ಟೆಗೆ ಸಾಗಿಸುವ ಉಪಾಯ.

ಇವುಗಳಲ್ಲಿ ಯಾವುದಕ್ಕೂ ಹಣ ಬೇಕಿಲ್ಲ, ಸರಕಾರದ ಅಪ್ಪಣೆ ಬೇಕಿಲ್ಲ. ಮೂರನೆಯದನ್ನು ಬರುವ ವರ್ಷದ ಸ್ನೇಹಸಮ್ಮೇಳನದಿಂದಲೇ ಪ್ರಾರಂಭಿಸಲು ಗುರುಗಳೂ ಸಹಪಾಠಿಗಳೂ ಮನಸ್ಸು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲನೆಯದಕ್ಕೆ ಬರುವ ವರ್ಷದವರೆಗೆ ಕಾಯಬೇಕಾಗಿಲ್ಲ. ಈ ರಾತ್ರಿಯ ಊಟಕ್ಕೆ ಕುಳಿತಾಗ ರೊಟ್ಟಿಯ ಬುಟ್ಟಿ ನಮ್ಮ ಕಡೆಗೆ ಬರುತ್ತದೆ. ಮೇಲಿನ ಬಿಸಿ ರೊಟ್ಟಿಗೆ ಕೈ ಹಾಕುವ ಮುನ್ನ ಕೆಳಗಿನ ರೊಟ್ಟಿ ಯಾರಿಗೆಂದು ಒಮ್ಮೆ ಕೇಳೋಣ.